ಡಿಕಾಕ್ಷನ್ ಇಳಿಯದ ಬೆಟ್ಟ: ಮುದಿ ಜ್ವಾಲಾಮುಖಿ ಎಲ್ಗಾನ್ ಯಾಕೆ ಕುಸಿಯುತ್ತದೆ?

ಫಿಲ್ಟರ್ ಕಾಫಿ ಮಾಡುವ ಮನೆಯವರಿಗೆಲ್ಲ ಈ ಕಷ್ಟ ಗೊತ್ತು. ಪುಡಿ ಸ್ವಲ್ಪ ಜಾಸ್ತಿ ನುಣ್ಣಗಾದರೆ ಡಿಕಾಕ್ಷನ್ ಇಳಿಯುವುದಿಲ್ಲ. ಬಿಸಿನೀರು ಮೇಲಿನ ಪಾತ್ರೆಯಲ್ಲೇ ನಿಂತುಬಿಡುತ್ತದೆ. ತಟ್ಟಿದರೆ ಒಂದೆರಡು ಹನಿ, ಅಷ್ಟೇ. ಮೊನ್ನೆ ನಮ್ಮ ಬಸವನಗುಡಿ ಮನೆಯಲ್ಲಿ ಹೀಗೇ ಆಯಿತು. ಕಾಲು ಗಂಟೆ ಕಾದು, ಮೇಲಿನ ಪಾತ್ರೆಯನ್ನು ಸಿಂಕಿನ ಮೇಲೆ ನಿಧಾನವಾಗಿ ಓರೆ ಮಾಡಿದೆ. ಮೊದಲು ಏನೂ ಆಗಲಿಲ್ಲ. ಇನ್ನೊಂಚೂರು ಓರೆ ಮಾಡಿದೆ. ನೀರು ಕುಡಿದು ಊದಿಕೊಂಡಿದ್ದ ಪುಡಿ ಇಡೀ ಬಿಲ್ಲೆಯಾಗಿ ತಳದಿಂದ ಕಳಚಿ, ಒಂದೇ ಏಟಿಗೆ ಜಾರಿ ಬಿತ್ತು. ಹಿಂದೆ ಸ್ಟೀಲಿನ ತಳ ಹೊಳೆಯುತ್ತಿತ್ತು.

ಆ ವಾರವೆಲ್ಲ ನಾನು ಓದುತ್ತಿದ್ದುದು ಪೂರ್ವ ಆಫ್ರಿಕಾದ ಮೌಂಟ್ ಎಲ್ಗಾನ್ ಬಗ್ಗೆ. ಅಲ್ಲಿನ ಭೂಕುಸಿತಗಳ ಫೋಟೋಗಳಲ್ಲಿ ಕಂಡದ್ದೂ ಇದೇ. ಹಸಿರು ಇಳಿಜಾರಿನ ನಡುವೆ ಉದ್ದಕ್ಕೆ ಸುಲಿದ ಹಾಗೆ ಕೆಂಪು ಗಾಯ, ಕೆಳಗೆ ಕೆಸರಿನ ರಾಶಿ. ಆ ಕೆಸರಿನೊಳಗೆ ಊರುಗಳಿದ್ದವು.

ಉಗಾಂಡ ಮತ್ತು ಕೆನ್ಯಾ ದೇಶಗಳ ಗಡಿ ಈ ಬೆಟ್ಟದ ನೆತ್ತಿಯ ಮೇಲೇ ಹಾದುಹೋಗುತ್ತದೆ. ಅತಿ ಎತ್ತರದ ತುದಿ ವಾಗಗಾಯಿ, 4,321 ಮೀಟರ್. ಅದು ಉಗಾಂಡದ ಕಡೆ ಇದೆ. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಜಾಸ್ತಿ. ಆದರೂ ದೂರದಿಂದ ನೋಡಿದರೆ ಎಲ್ಗಾನ್ ಅಷ್ಟು ಎತ್ತರ ಅನ್ನಿಸುವುದಿಲ್ಲ. ಕಾರಣ ಅದರ ಅಗಲ. ಬುಡದ ಅಡ್ಡಳತೆಯೇ ಸುಮಾರು 80 ಕಿ.ಮೀ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದವರು ಹತ್ತಿರ ಹತ್ತಿರ ಮದ್ದೂರು ತಲುಪುವವರೆಗೂ ಒಂದೇ ಬೆಟ್ಟದ ಬುಡದಲ್ಲಿ ಸಾಗಿದ ಹಾಗೆ. ಮಸಾಯಿ ಜನ ಇದನ್ನು ಕರೆಯುತ್ತಿದ್ದ ಹೆಸರಿಗೆ ಮೊಲೆಯ ಆಕಾರದ ಬೆಟ್ಟ ಅಂತ ಅರ್ಥ. ಎಲ್ಗಾನ್ ಅನ್ನುವ ಹೆಸರು ಅಲ್ಲಿಂದ ಬಂತು ಅನ್ನುವವರಿದ್ದಾರೆ. ಉಗಾಂಡದ ಇಳಿಜಾರಿನಲ್ಲಿ ಬೇಸಾಯ ಮಾಡುವ ಬಗಿಸು ಜನರಿಗೆ ಇದು ಮಸಾಬ. ಅದು ಅವರ ಮೂಲಪುರುಷನ ಹೆಸರು.

ಹುಟ್ಟಿದ್ದು ಸುಮಾರು 2 ಕೋಟಿ 40 ಲಕ್ಷ ವರ್ಷಗಳ ಹಿಂದೆ. ಪೂರ್ವ ಆಫ್ರಿಕಾದ ನೆಲ ಒಳಗಿನ ಬಿಸಿಗೆ ಉಬ್ಬಿ, ಬಿರುಕು ಬಿಟ್ಟು, ಎರಡು ಕಡೆಗೆ ಎಳೆದುಕೊಳ್ಳಲು ಶುರುಮಾಡಿದ ಕಾಲ ಅದು. ಆ ಎಳೆದಾಟ ಇವತ್ತಿಗೂ ನಿಂತಿಲ್ಲ. ಅದರಿಂದ ಎದ್ದ ದೊಡ್ಡ ಒಂಟಿ ಜ್ವಾಲಾಮುಖಿಗಳಲ್ಲಿ ಎಲ್ಗಾನ್ ಎಲ್ಲಕ್ಕಿಂತ ಹಿರಿಯದು. ನಾವು ಹೆಸರು ಕೇಳಿರುವ ಕಿಲಿಮಂಜಾರೊ ಇದರ ಮುಂದೆ ಎಳೆ ಮಗು. ಅದಕ್ಕೆ ಇನ್ನೂ 30 ಲಕ್ಷ ವರ್ಷವೂ ತುಂಬಿಲ್ಲ. ಕಿಲಿಮಂಜಾರೊ ಈಗ 5,895 ಮೀಟರ್ ಎತ್ತರ ಇದೆ. ಒಂದು ಕಾಲದಲ್ಲಿ ಎಲ್ಗಾನ್ ಅದಕ್ಕಿಂತಲೂ ಎತ್ತರ ಇದ್ದಿರಬಹುದು ಅಂತ ಭೂವಿಜ್ಞಾನಿಗಳ ಅಂದಾಜು.

ಆ ಎತ್ತರ ಎಲ್ಲಿ ಹೋಯಿತು? ಸ್ವಲ್ಪ ಒಳಕ್ಕೆ ಕುಸಿಯಿತು, ಉಳಿದದ್ದು ಕೊಚ್ಚಿಕೊಂಡು ಹೋಯಿತು. ಬೆಟ್ಟದ ಹೊಟ್ಟೆಯಲ್ಲಿದ್ದ ಕರಗಿದ ಕಲ್ಲು ಹೊರಗೆ ಹರಿದು ಖಾಲಿಯಾದ ಮೇಲೆ, ನೆತ್ತಿಯನ್ನು ಹೊತ್ತು ನಿಲ್ಲಲು ಕೆಳಗೆ ಏನೂ ಉಳಿಯಲಿಲ್ಲ. ನೆತ್ತಿ ಒಳಗಿಳಿದು ಒಂದು ದೊಡ್ಡ ಬಟ್ಟಲಾಯಿತು. ಇದರ ಅಗಲ ಸುಮಾರು 8 ಕಿ.ಮೀ. ಲಾಲ್‌ಬಾಗ್‌ನಿಂದ ಮೇಖ್ರಿ ಸರ್ಕಲ್‌ವರೆಗಿನ ಊರು ಅದರೊಳಗೆ ಹಿಡಿಸುತ್ತದೆ. ಈಗ ಕಾಣುವ ವಾಗಗಾಯಿ ಮತ್ತು ಉಳಿದ ತುದಿಗಳೆಲ್ಲ ಆ ಬಟ್ಟಲಿನ ಅಂಚಿನಲ್ಲಿ ಉಳಿದುಕೊಂಡ ಚೂರುಗಳು. ಆಮೇಲೆ ಹಿಮಯುಗದಲ್ಲಿ ಹಿಮನದಿಗಳು ಬೆಟ್ಟವನ್ನು ಉಜ್ಜಿದವು. ಅವು ಕೊರೆದ ಸಣ್ಣ ಕೊಳಗಳು ಮೇಲೆ ಇನ್ನೂ ಇವೆ. ಉಳಿದ ಕೆಲಸವನ್ನು ಲಕ್ಷಾಂತರ ವರ್ಷ ಮಳೆಯೇ ಮಾಡಿತು. ಬಟ್ಟಲಿನ ನೀರು ಪೂರ್ವದ ಕಡೆ ಅಂಚನ್ನು ಸೀಳಿಕೊಂಡು ಸುಆಮ್ ಕಣಿವೆಯಲ್ಲಿ ಇಳಿಯುತ್ತದೆ. ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಸುಆಮ್ ಮುಂದೆ ಟರ್ಕ್ವೆಲ್ ನದಿಯಾಗಿ ಟರ್ಕಾನ ಸರೋವರ ಸೇರುತ್ತದೆ. ಬೇರೆ ಇಳಿಜಾರುಗಳ ನೀರು ವಿಕ್ಟೋರಿಯಾ ಮತ್ತು ಕ್ಯೋಗ ಸರೋವರಗಳ ಪಾಲಾಗುತ್ತದೆ, ಅಲ್ಲಿಂದ ನೈಲ್ ನದಿಗೆ.

ಆನೆಗಳು ಕೊರೆದ ಗೋಡೆ

ಎಲ್ಗಾನ್ ಯಾವುದರಿಂದ ಆಗಿದೆ ಅನ್ನುವುದು ಇಲ್ಲಿ ಮುಖ್ಯ. ಜ್ವಾಲಾಮುಖಿ ಅಂದ ತಕ್ಷಣ ನಮಗೆ ಗಟ್ಟಿ ಕಪ್ಪು ಕಲ್ಲು ನೆನಪಾಗುತ್ತದೆ. ವಿಜಯಪುರ, ಬೀದರ್ ಕಡೆಯ ನೆಲದಡಿ ಇರುವ ಹಾಗೆ. ಅದು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ತೆಳ್ಳಗೆ ದೂರದೂರ ಹರಿದು ಹೆಪ್ಪುಗಟ್ಟಿದ ಲಾವಾ. ಎಲ್ಗಾನ್ ಹಾಗಲ್ಲ. ಅಲ್ಲಿ ಲಾವಾ ಹರಿದದ್ದು ಕಡಿಮೆ, ಸಿಡಿದದ್ದು ಜಾಸ್ತಿ. ಸಿಡಿದ ಕಲ್ಲಿನ ಚೂರುಗಳು ಬೂದಿಯ ಜೊತೆ ಬಿದ್ದು, ಪದರದ ಮೇಲೆ ಪದರವಾಗಿ ಕೂತಿವೆ. ಕಲ್ಲು, ಜಲ್ಲಿ ಬೆರೆಸಿದ ಹಳೇ ಕಾಲದ ಗಾರೆಯ ಹಾಗೆ. ಒಣಗಿದಾಗ ಗಟ್ಟಿಯೇ. ಆದರೆ ನೀರು ಒಳಗೆ ಹೋಗುತ್ತದೆ, ಉಗುರಿಗೂ ಸಿಗುತ್ತದೆ.

ಎಷ್ಟು ಮೆತ್ತಗೆ ಅಂದರೆ, ಆನೆಗಳು ಅದನ್ನು ದಂತದಲ್ಲಿ ಕೀಳುತ್ತವೆ. ಕೆನ್ಯಾದ ಕಡೆಯ ಇಳಿಜಾರಿನಲ್ಲಿ ಕಿಟುಮ್ ಅನ್ನುವ ಗುಹೆ ಇದೆ. ಬೆಟ್ಟದೊಳಗೆ ಸುಮಾರು 200 ಮೀಟರ್ ಹೋಗುತ್ತದೆ. ರಾತ್ರಿ ಹೊತ್ತು ಆನೆಗಳು ಸಾಲಾಗಿ ಒಳಗೆ ಬರುತ್ತವೆ. ಕಗ್ಗತ್ತಲು. ಸೊಂಡಿಲಿನಿಂದ ನೆಲ ತಡವಿಕೊಂಡು, ಬಿದ್ದ ಬಂಡೆಗಳನ್ನು ಸುತ್ತಿ, ಹೊಂಡಗಳನ್ನು ತಪ್ಪಿಸಿ ಒಳಗಿನ ಗೋಡೆಯವರೆಗೂ ಹೋಗುತ್ತವೆ. ದಂತ ಚುಚ್ಚಿ ಕಲ್ಲಿನ ತುಂಡು ಕಿತ್ತು, ಅಗಿದು ನುಂಗುತ್ತವೆ. ಮರಿಗಳು ತಾಯಿಯ ಪಕ್ಕದಲ್ಲೇ ಇರುತ್ತವೆ. ಅವಕ್ಕೆ ಬೇಕಾಗಿರುವುದು ಉಪ್ಪು. ಮೇಲೆ ಮಳೆ ಜೋರಾಗಿರುವುದರಿಂದ ಮಣ್ಣಿನ ಉಪ್ಪೆಲ್ಲ ತೊಳೆದು ಹೋಗುತ್ತದೆ, ಸೊಪ್ಪಿನಲ್ಲೂ ಉಪ್ಪಿನಂಶ ಇರುವುದಿಲ್ಲ. ಗುಹೆಯ ಬೂದಿಗಲ್ಲಿನಲ್ಲಿ ಮಾತ್ರ ಸೋಡಿಯಂ ಲವಣ ಉಳಿದುಕೊಂಡಿದೆ. ನಮ್ಮ ಕಾಡಾನೆಗಳೂ ಉಪ್ಪಿನ ಮಣ್ಣು ಹುಡುಕಿ ತಿನ್ನುತ್ತವೆ ಅಲ್ವಾ, ಅದೇ ಹಸಿವು. ಕಿಟುಮ್‌ನ ಗೋಡೆಗಳ ತುಂಬ ದಂತದ ಗೀರುಗಳಿವೆ. ನಡುನಡುವೆ ಬೂದಿಯಲ್ಲಿ ಹೂತು ಕಲ್ಲಾದ ಮರದ ತುಂಡುಗಳೂ ಕಾಣುತ್ತವೆ. ಬೆಟ್ಟ ಸಿಡಿದ ಕಾಲದಲ್ಲಿ ಅಲ್ಲಿ ನಿಂತಿದ್ದ ಕಾಡು ಅದು. ಕಳ್ಳಬೇಟೆಯಿಂದ ಈ ಆನೆಗಳ ಸಂಖ್ಯೆ ತುಂಬ ಇಳಿದುಹೋಗಿದೆ ಅನ್ನುವುದು ಮನಸ್ಸಿಗೆ ನೋವಾಗುವ ಸಂಗತಿ.

ನೀರು ಉಪ್ಪನ್ನು ತೊಳೆದ ಮೇಲೆ ಏನು ಉಳಿಯುತ್ತದೆ? ಜೇಡಿ ಮಣ್ಣು. ಬೂದಿ ಅಂದರೆ ಒಲೆಯ ಬೂದಿ ಅಲ್ಲ, ಗಾಜಿನಂಥ ಕಲ್ಲಿನ ಪುಡಿ. ಅದು ಮಳೆಗೆ ಬೇಗ ಕೊಳೆಯುತ್ತದೆ. ಬಿಸಿ ಹವೆ, ವರ್ಷದ ಬಹುಪಾಲು ಮಳೆ, ಕೋಟಿ ವರ್ಷಗಳ ಸಮಯ ಮೂರೂ ಸೇರಿದಾಗ ಕಲ್ಲು ಆಳದವರೆಗೂ ಮಣ್ಣಾಗುತ್ತದೆ. ಹೀಗೆ ಕೊಳೆತ ಕಲ್ಲಿನಿಂದಲೇ ಬೆಳೆಗೆ ಬೇಕಾದ ಪೊಟ್ಯಾಷ್, ಸುಣ್ಣ, ರಂಜಕ ಎಲ್ಲ ಬಿಡುಗಡೆಯಾಗುತ್ತವೆ. ಎಲ್ಗಾನ್‌ನ ಪಶ್ಚಿಮದ ಇಳಿಜಾರು ಅಷ್ಟು ಫಲವತ್ತಾಗಿರುವುದು ಇದರಿಂದಲೇ. ಅಲ್ಲಿ ಬಾಳೆ ಬೆಳೆಯುತ್ತಾರೆ, ಬಾಳೆಯ ನೆರಳಲ್ಲಿ ಅರೇಬಿಕಾ ಕಾಫಿ. ಕಾಫಿ ವ್ಯಾಪಾರದಲ್ಲಿ ಬುಗಿಸು ಅಂತ ಹೆಸರಿರುವ ಬೀಜ ಇದೇ ಬೆಟ್ಟದ್ದು.

ಹಾಗಾಗಿ ಈ ಬೆಟ್ಟದ ಸಿರಿಯನ್ನೂ ಅದರ ಅಪಾಯವನ್ನೂ ಬೇರೆ ಮಾಡಲು ಬರುವುದಿಲ್ಲ. ಜನರನ್ನು ಮೇಲಕ್ಕೆ ಎಳೆದದ್ದು ಆ ಮಣ್ಣು. ಅವರನ್ನು ಹೊತ್ತುಕೊಂಡು ಕೆಳಕ್ಕೆ ಜಾರುವುದೂ ಅದೇ ಮಣ್ಣು.

ಬುಡುಡದಲ್ಲಿ ಆಗಿದ್ದು

2010ರ ಮಾರ್ಚ್ 1ರ ಸಂಜೆ. ಉಗಾಂಡದ ಬುಡುಡ ಜಿಲ್ಲೆಯಲ್ಲಿ ಗಂಟೆಗಟ್ಟಲೆ ಬಿಡದೆ ಮಳೆ ಸುರಿದಿತ್ತು. ನಮೆಟ್ಸಿ ಊರಿನ ಮೇಲಿನ ಇಳಿಜಾರು ಕಳಚಿ ಬಂತು. ಮನೆಗಳು, ಅಂಗಡಿ ಬೀದಿ, ಆರೋಗ್ಯ ಕೇಂದ್ರ ಎಲ್ಲವೂ ಹೂತುಹೋದವು. ಸುಮಾರು 100 ಜನರ ಶವ ಸಿಕ್ಕಿತು. ಸತ್ತವರು 300ಕ್ಕೂ ಜಾಸ್ತಿ ಅಂತ ಅಂದಾಜು. ಉಳಿದವರು ಇಂದಿಗೂ ಆ ಮಣ್ಣಿನಡಿಯಲ್ಲೇ ಇದ್ದಾರೆ. 2012ರ ಜೂನ್‌ನಲ್ಲಿ ಅದೇ ಜಿಲ್ಲೆಯಲ್ಲಿ ಮತ್ತೆ ಕುಸಿತ. 2018ರ ಅಕ್ಟೋಬರ್‌ನಲ್ಲಿ ಬುಕಲಾಸಿ ಕಡೆ ಮತ್ತೆ, 40ಕ್ಕೂ ಹೆಚ್ಚು ಸಾವು. 2019ರ ಡಿಸೆಂಬರ್‌ನಲ್ಲಿ ಮತ್ತೆ. 2024ರ ನವೆಂಬರ್ 27ರಂದು ಅದೇ ಬೆಟ್ಟದ ಬುಲಂಬುಲಿ ಜಿಲ್ಲೆಯಲ್ಲಿ ಹಲವು ಹಳ್ಳಿಗಳ ಮೇಲೆ ಮಣ್ಣು ಬಿತ್ತು. ಹತ್ತಾರು ಜನ ಸತ್ತರು, ಎಷ್ಟೋ ಮಂದಿ ಸಿಗಲೇ ಇಲ್ಲ.

ಪ್ರತಿ ಸಲವೂ ಮಳೆ ಜೋರಾಗಿತ್ತು ಅನ್ನುವುದು ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ವಿಷಯ ಅರ್ಥವಾಗುವುದಿಲ್ಲ. ಮತ್ತೆ ಕಾಫಿ ಫಿಲ್ಟರ್ ನೆನಪಿಸಿಕೊಳ್ಳಿ. ಮೇಲಿನ ಮಣ್ಣು ಸಡಿಲ, ನೀರು ಕುಡಿಯುತ್ತದೆ. ಕೆಳಗೆ ಎಲ್ಲೋ ಒಂದು ನುಣ್ಣನೆಯ ಜೇಡಿ ಪದರ ಅಥವಾ ಇನ್ನೂ ಕೊಳೆಯದ ಕಲ್ಲು ಇದೆ. ನೀರು ಅಲ್ಲಿಗೆ ಬಂದು ನಿಲ್ಲುತ್ತದೆ. ಮೊದಲ ದಿನದ ಮಳೆಯನ್ನು ಮಣ್ಣು ತಾಳಿಕೊಳ್ಳುತ್ತದೆ, ಎರಡನೇ ದಿನದ್ದನ್ನೂ ತಾಳಬಹುದು. ಆಮೇಲೆ ಮಣ್ಣಿನ ಕಣಗಳ ನಡುವೆ ಜಾಗವೆಲ್ಲ ತುಂಬಿ, ಒಳಗಿನ ನೀರು ಕಣಗಳನ್ನು ಒಂದರಿಂದ ಒಂದನ್ನು ಎತ್ತಿ ದೂಡಲು ಶುರುಮಾಡುತ್ತದೆ. ಮಣ್ಣು ತನ್ನ ತೂಕದಿಂದಲೇ ಕಚ್ಚಿ ಹಿಡಿದಿತ್ತು, ಈಗ ಆ ಹಿಡಿತ ಸಡಿಲವಾಗುತ್ತದೆ. ತೂಕ ಮಾತ್ರ ಮೊದಲಿಗಿಂತ ಹೆಚ್ಚು. ಕೊನೆಗೆ ಬಿಲ್ಲೆ ಕಳಚುತ್ತದೆ.

ಇದಿಷ್ಟೂ ಬೆಟ್ಟದ ಪಾಲು. ಇನ್ನು ಮನುಷ್ಯರ ಪಾಲು. ಮೊದಲನೆಯದು ಬೇರು. ಕಾಡುಮರದ ಬೇರು ಆಳಕ್ಕೆ ಇಳಿದು ಮೇಲಿನ ಮಣ್ಣನ್ನು ಕೆಳಗಿನ ಗಟ್ಟಿ ನೆಲಕ್ಕೆ ಹೊಲಿಗೆ ಹಾಕಿದ ಹಾಗೆ ಹಿಡಿಯುತ್ತದೆ. ಬಾಳೆಯ ಬೇರಿಗೆ ಆ ಶಕ್ತಿ ಇಲ್ಲ, ಅದು ಮೇಲೆ ಮೇಲೆಯೇ ಹರಡುತ್ತದೆ. ಅದಕ್ಕಿಂತಲೂ ದೊಡ್ಡ ತೊಂದರೆ ನನ್ನ ಪ್ರಕಾರ ಇಳಿಜಾರಿನ ಕಾಲು ಕಡಿಯುವುದು. ಮನೆ ಕಟ್ಟಲು ಸಮ ಜಾಗ ಬೇಕು. ಇಳಿಜಾರನ್ನು ಅಗೆದು, ಹಿಂದೆ ನೆಟ್ಟಗೆ ನಿಂತ ಮಣ್ಣಿನ ಗೋಡೆ ಬಿಟ್ಟು, ಅದರ ಮುಂದೆ ಮನೆ ಕಟ್ಟುತ್ತಾರೆ. ದಾರಿ ಮಾಡುವಾಗಲೂ ಹೀಗೇ. ಮಲೆನಾಡಿನವರು ಇಂಥ ಗೋಡೆಯನ್ನು ಧರೆ ಅನ್ನುತ್ತಾರೆ, ಕೊಡಗು, ದಕ್ಷಿಣ ಕನ್ನಡದ ಕಡೆ ಬರೆ. ಮೇಲಿನ ಇಡೀ ಇಳಿಜಾರು ಆ ಕಡಿದ ಮಣ್ಣಿನ ಮೇಲೆ ಕಾಲಿಟ್ಟು ನಿಂತಿತ್ತು.

ಹಾಗಂತ ಅಲ್ಲಿಯ ರೈತರ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. ಜಮೀನು ತಂದೆಯಿಂದ ಮಕ್ಕಳಿಗೆ ಹಂಚಿ ಹಂಚಿ ಗೇಣಗಲ ಉಳಿದಿದೆ. ಮೇಲಿನ ಕಾಡು 1993ರಿಂದ ರಾಷ್ಟ್ರೀಯ ಉದ್ಯಾನ, ಅಲ್ಲಿಗೆ ಹೋಗುವ ಹಾಗಿಲ್ಲ. ಕೆಳಗಿನ ಬಯಲಲ್ಲಿ ಅರೇಬಿಕಾ ಬರುವುದಿಲ್ಲ. ನಡುವೆ ಉಳಿದದ್ದು ಕಡಿದಾದ ಇಳಿಜಾರು ಮಾತ್ರ. ಅದೇ ಅವರ ಮನೆ, ಅದೇ ಹೊಟ್ಟೆಪಾಡು.

ನಮ್ಮ ಬೆಟ್ಟಗಳು ಜ್ವಾಲಾಮುಖಿಗಳೇ?

ಬೆಂಗಳೂರಿನಲ್ಲಿ ಈ ಮಾತು ತೆಗೆದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ, ನಂದಿಬೆಟ್ಟವೂ ಹಳೇ ಜ್ವಾಲಾಮುಖಿ ಅಲ್ವಾ ಅಂತ. ಅಲ್ಲ. ನಂದಿಬೆಟ್ಟ, ಸಾವನದುರ್ಗ ಎರಡೂ ಗ್ರಾನೈಟ್. ಅವು ನೆಲದಾಳದಲ್ಲೇ ನಿಧಾನವಾಗಿ ಆರಿ ಗಟ್ಟಿಯಾದ ಕಲ್ಲುಗಳು. ಮೇಲಿದ್ದ ನೆಲವೆಲ್ಲ ಸವೆದು ಹೋದ ಮೇಲೆ ಹೊರಗೆ ಬಂದವು. ಲಾಲ್‌ಬಾಗ್ ಬಂಡೆ ಅದಕ್ಕಿಂತ ಹಳೆಯದು, ಸುಮಾರು 300 ಕೋಟಿ ವರ್ಷದ ನೈಸ್ (gneiss) ಶಿಲೆ, ಅಂದರೆ ನೆಲದಾಳದ ಬಿಸಿ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಪಟ್ಟೆಪಟ್ಟೆಯ ಕಲ್ಲು. ಮಳೆ ನಿಂತ ತಕ್ಷಣ ಅದರ ಮೇಲೆ ಹತ್ತಿ ನೋಡಿ. ನೀರು ಸಣ್ಣ ಸಣ್ಣ ಗೆರೆಗಳಾಗಿ ಓಡಿ ಕೆಲವೇ ನಿಮಿಷದಲ್ಲಿ ಬಂಡೆ ಒಣಗಲು ಶುರುವಾಗುತ್ತದೆ. ತಗ್ಗುಗಳಲ್ಲಿ ಬೊಗಸೆ ನೀರು ಉಳಿಯುತ್ತದೆ, ಅಷ್ಟೇ. ಕುಡಿಯಲು ಮಣ್ಣಿಲ್ಲ, ಜಾರಲು ಪದರವಿಲ್ಲ. ಕೆಂಪೇಗೌಡ ಗೋಪುರ ಅದರ ಮೇಲೆ ನೆಮ್ಮದಿಯಾಗಿ ನಿಂತಿರುವುದಕ್ಕೆ ಇದೇ ಕಾರಣ. ಇಂಥದ್ದೇ ಹಳೆಯ ಗಟ್ಟಿ ಕಲ್ಲು ಎಲ್ಗಾನ್‌ನ ಬುಡದಡಿಯೂ ಇದೆ. ಅದರ ಮೇಲೆ ಪೇರಿಸಿಟ್ಟ ಬೂದಿ ಮತ್ತು ಕಲ್ಲಿನ ರಾಶಿಯೇ ಆ ಬೆಟ್ಟ.

ಬಾಬಾಬುಡನ್‌ಗಿರಿಯ ವಿಷಯ ಸ್ವಲ್ಪ ಬೇರೆ. ಕುದುರೆ ಲಾಳದ ಹಾಗೆ ಬಾಗಿದ ಆ ಸಾಲನ್ನು ನೋಡಿ ಜ್ವಾಲಾಮುಖಿಯ ಬಾಯಿ ಅಂದುಕೊಳ್ಳುವವರಿದ್ದಾರೆ. ಅಲ್ಲಿನ ಕಲ್ಲುಗಳಲ್ಲಿ ಹಳೆಯ ಲಾವಾ ಇರುವುದು ನಿಜವೇ. ಆದರೆ ಅದು 250 ಕೋಟಿ ವರ್ಷಕ್ಕೂ ಹಿಂದಿನದು. ಆಮೇಲೆ ಒತ್ತಡಕ್ಕೆ ಸಿಕ್ಕಿ, ಮಡಿಚಿಕೊಂಡು, ಬೇರೆ ಕಲ್ಲೇ ಆಗಿಹೋಗಿದೆ. ಲಾಳದ ಆಕಾರ ಬಂದದ್ದು ಆ ಮಡಿಕೆಯಿಂದ. ಕಬ್ಬಿಣದ ಅದಿರಿನ ಗಟ್ಟಿ ಪಟ್ಟೆಗಳು ಸವೆಯದೆ ಅಂಚಾಗಿ ಉಳಿದವು, ನಡುವಿನ ಮೆತ್ತನೆಯದು ತಗ್ಗಾಯಿತು. ಬಾಬಾ ಬುಡನ್ ತಂದರೆಂದು ಹೇಳುವ ಏಳು ಕಾಫಿ ಬೀಜ ಮೊದಲು ಬೇರು ಬಿಟ್ಟದ್ದು ಈ ಗಿರಿಯ ಮಣ್ಣಿನಲ್ಲಿ. ಎಲ್ಗಾನ್‌ಗೂ ಇದಕ್ಕೂ ವಯಸ್ಸಿನಲ್ಲಿ ಅಜಗಜಾಂತರ. ಮಳೆಗಾಲದಲ್ಲಿ ಚಿಕ್ಕಮಗಳೂರಿನ ತೋಟಕ್ಕೆ ಹೋಗಿ ಬಂದವರ ಚಪ್ಪಲಿಗೆ ಮೆತ್ತಿಕೊಳ್ಳುವ ಆ ಕೆಂಪು, ಜಿಡ್ಡು ಮಣ್ಣು ಮಾತ್ರ ಎರಡೂ ಕಡೆ ಒಂದೇ ರೀತಿ. ಕಲ್ಲು ಯಾವುದಾದರೂ ಇರಲಿ, ಬಿಸಿಲು ಮಳೆಗೆ ಆಳವಾಗಿ ಕೊಳೆತರೆ ಕೊನೆಗೆ ಬರುವುದು ಜೇಡಿಯೇ.

ಅದಕ್ಕೇ ಎಲ್ಗಾನ್ ಕಥೆ ನಮಗೆ ದೂರದ್ದಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಜರಿದವು. ಅಲ್ಲಿ ಜ್ವಾಲಾಮುಖಿ ಇಲ್ಲ, ನೈಸ್ ಮತ್ತು ಅದರ ಜಾತಿಯ ಹಳೆಯ ಕಲ್ಲುಗಳು. ಆದರೆ ಮೇಲಿನ ಮಣ್ಣು ದಪ್ಪ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ನೋಡಿದಾಗ, ಮನೆಗೆ, ರಸ್ತೆಗೆ ಇಳಿಜಾರು ಕಡಿದದ್ದು ದೊಡ್ಡ ಕಾರಣವಾಗಿ ಕಂಡಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿ ನದಿಗೆ ಬಿತ್ತು. ಎರಡೇ ವಾರಕ್ಕೆ, ಜುಲೈ 30ರ ಬೆಳಗಿನ ಜಾವ, ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ 250ಕ್ಕೂ ಹೆಚ್ಚು ಜನ ಹೋದರು. ಶಿರಾಡಿ ಘಾಟಿಯಂತೂ ಮಳೆಗಾಲದಲ್ಲಿ ಮತ್ತೆ ಮತ್ತೆ ಬಂದ್ ಆಗುತ್ತದೆ, ಮಂಗಳೂರಿಗೆ ಹೊರಟ ಬೆಂಗಳೂರಿನವರಿಗೆ ಇದು ಚೆನ್ನಾಗಿ ಗೊತ್ತು.

ಮಳೆಯ ನಂಟೂ ಇದೆ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ, ಅಂದರೆ ಆಫ್ರಿಕಾದ ಕಡೆ, ಪೂರ್ವಕ್ಕಿಂತ ಜಾಸ್ತಿ ಬಿಸಿಯಾದ ವರ್ಷ ಪೂರ್ವ ಆಫ್ರಿಕಾದಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಳೆ ಜೋರು. ನಮ್ಮ ಮುಂಗಾರಿಗೂ ಅದು ಎಷ್ಟೋ ಸಲ ಬಲ ಕೊಡುತ್ತದೆ. 2019ರಲ್ಲಿ ಈ ಏರುಪೇರು ದಶಕಗಳಲ್ಲೇ ಅತಿ ಜೋರಾಗಿತ್ತು. ಆ ವರ್ಷ ಆಗಸ್ಟ್‌ನಲ್ಲಿ ಕೊಡಗು ಮತ್ತೆ ಕುಸಿಯಿತು, ಬೆಳಗಾವಿ ಕಡೆ ಪ್ರವಾಹ ಬಂತು. ಡಿಸೆಂಬರ್‌ನಲ್ಲಿ ಬುಡುಡ ಕುಸಿಯಿತು. ಎರಡಕ್ಕೂ ಅದೊಂದೇ ಕಾರಣ ಅಂತಲ್ಲ. ಆದರೆ ನಮ್ಮ ಮೋಡವೂ ಅವರ ಮೋಡವೂ ನೀರು ಕುಡಿಯುವುದು ಒಂದೇ ಕಡಲಿನಿಂದ.

ಬೆಂಗಳೂರಿನವರಾದ ನಾವು ಒಂದು ವಿಷಯದಲ್ಲಿ ಎಚ್ಚರ ಇರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮಳೆನೀರು ಇಂಗಿಸುವುದು ಈ ಊರಿನಲ್ಲಿ ಒಳ್ಳೆಯ ಕೆಲಸ, ಆಗಲೇಬೇಕಾದ ಕೆಲಸ. ಬೋರ್‌ವೆಲ್ ಬತ್ತಿದ ಬೇಸಿಗೆ ಕಂಡವರಿಗೆ ಹೇಳಬೇಕಿಲ್ಲ. ಅದೇ ಉತ್ಸಾಹದಲ್ಲಿ ಮಲೆನಾಡಿನಲ್ಲಿ ಜಾಗ ಕೊಂಡವರು ಕಡಿದಾದ ಇಳಿಜಾರಿನ ತಲೆಯ ಮೇಲೂ ಇಂಗುಗುಂಡಿ ತೋಡಿಸುತ್ತಾರೆ, ಗುಡ್ಡದ ಮೇಲೆ ಕೊಳ ಕಟ್ಟಿಸುತ್ತಾರೆ. ದಪ್ಪ ಮಣ್ಣಿನ ಇಳಿಜಾರಿಗೆ ಬೇಕಾಗಿರುವುದು ಅದಕ್ಕೆ ಪೂರಾ ಉಲ್ಟಾ. ಅಲ್ಲಿ ನೀರನ್ನು ಒಳಗೆ ಬಿಡದೆ, ಕಾಲುವೆಯಲ್ಲಿ ಹಿಡಿದು, ಪಕ್ಕದ ಹಳ್ಳಕ್ಕೆ ಮೆಲ್ಲಗೆ ಇಳಿಸಬೇಕು. ಹೋಂಸ್ಟೇಗೆ ಅಂತ ಗುಡ್ಡದ ಹಳೆಯ ನೀರಿನ ದಾರಿಗೆ ಮಣ್ಣು ತುಂಬಿದರೆ, ಆ ನೀರು ಬೇರೆ ದಾರಿ ಹುಡುಕುತ್ತದೆ. ಸಿಗದಿದ್ದರೆ ಮಣ್ಣಿನೊಳಗೇ ಕೂರುತ್ತದೆ.

ಎಬ್ಬಿಸಿ ಕಳಿಸಿದರೆ ಮುಗಿಯಿತೇ?

2010ರ ಕುಸಿತದ ಮೇಲೆ ಉಗಾಂಡ ಸರ್ಕಾರ ಬದುಕುಳಿದ ಕೆಲವು ಕುಟುಂಬಗಳನ್ನು ದೂರದ ಕಿರ್ಯಾಂಡೊಂಗೊಗೆ ಕಳಿಸಿತು. ಸಮತಟ್ಟಾದ, ಜಾರದ ನೆಲ. ಆದರೆ ಅಲ್ಲಿ ಅರೇಬಿಕಾ ಬೆಳೆಯುವುದಿಲ್ಲ. ಮಾತು ಬೇರೆ, ಹವೆ ಬೇರೆ. ಸತ್ತವರ ಸಮಾಧಿಗಳು ಬೆಟ್ಟದ ಮೇಲಿವೆ, ಗಂಡುಮಕ್ಕಳನ್ನು ದೊಡ್ಡವರನ್ನಾಗಿ ಮಾಡುವ ಇಂಬಾಲು ಶಾಸ್ತ್ರ ನಡೆಯುವುದೂ ಬೆಟ್ಟದ ಊರುಗಳಲ್ಲೇ. ಹೋದವರಲ್ಲಿ ಕೆಲವರು ವಾಪಸ್ ಬಂದರು. ಆಮೇಲೆ ಬೆಟ್ಟದ ಬುಡದಲ್ಲೇ, ಬುನಂಬುಟ್ಯೆ ಅನ್ನುವ ಬಯಲಲ್ಲಿ ಮನೆಗಳನ್ನು ಕಟ್ಟಿಕೊಟ್ಟರು. ಇದು ಮೊದಲಿಗಿಂತ ಒಳ್ಳೆಯ ಯೋಚನೆ. ಬೆಟ್ಟ ಕಣ್ಣಿಗೆ ಕಾಣುತ್ತದೆ, ಹಳೇ ತೋಟಕ್ಕೆ ಹೋಗಿ ಬರಬಹುದು.

ಕೊಡಗಿನಲ್ಲೂ 2018ರ ಸಂತ್ರಸ್ತರಿಗೆ ಜಂಬೂರು, ಕರ್ಣಂಗೇರಿ ಕಡೆ ಮನೆಗಳಾದವು. ತೋಟವಿದ್ದವರ ತೋಟ ಮಾತ್ರ ಹಳೇ ಜಾಗದಲ್ಲೇ ಇದೆ, ಕಾಫಿ ಗಿಡವನ್ನು ಕಿತ್ತು ಹೊತ್ತುಕೊಂಡು ಬರಲು ಆಗುವುದಿಲ್ಲ. ನನ್ನ ಮಟ್ಟಿಗೆ ಯಾವುದೇ ಪುನರ್ವಸತಿ ಯೋಜನೆಯನ್ನು ಅಳೆಯಬೇಕಾದ್ದು ಎಷ್ಟು ಮನೆ ಕಟ್ಟಿದರು ಅಂತ ಅಲ್ಲ. ಹೊಸ ಮನೆಯಿಂದ ಹಳೇ ತೋಟಕ್ಕೆ ಹೋಗಿ ಸಂಜೆಯೊಳಗೆ ವಾಪಸ್ ಬರಲು ಆಗುತ್ತದೆಯೇ ಅಂತ. ಹಗಲು ತೋಟದಲ್ಲಿ ಕೆಲಸ, ರಾತ್ರಿ ಗಟ್ಟಿ ನೆಲದ ಮೇಲೆ ನಿದ್ದೆ. ಇಷ್ಟಾದರೂ ಸಾಧ್ಯವಾದರೆ ಎಷ್ಟೋ ಜೀವ ಉಳಿಯುತ್ತವೆ. ವಯನಾಡು ಕುಸಿದದ್ದು ಊರು ಮಲಗಿದ್ದ ಹೊತ್ತಿನಲ್ಲಿ.

ಇನ್ನೊಂದು ಸಂಗತಿ. ಬೆಟ್ಟ ಸಾಮಾನ್ಯವಾಗಿ ಸುಮ್ನೆ ಕುಸಿಯುವುದಿಲ್ಲ, ಮೊದಲೇ ಸೂಚನೆ ಕೊಡುತ್ತದೆ. ಬುಡುಡದ ಇಳಿಜಾರುಗಳಲ್ಲಿ ನೆಲ ಉದ್ದಕ್ಕೆ ಬಿರುಕು ಬಿಟ್ಟಿದ್ದನ್ನು ಜನ ನೋಡಿದ್ದಾರೆ. ತಿಳಿಯಾಗಿ ಬರುತ್ತಿದ್ದ ಒರತೆ ಇದ್ದಕ್ಕಿದ್ದ ಹಾಗೆ ಕೆಂಪಾಗುವುದು, ಹೊಸ ಜಾಗದಲ್ಲಿ ನೀರು ಒಸರುವುದು, ನೆಟ್ಟಗಿದ್ದ ಮರ ಅಥವಾ ಕಂಬ ವಾಲುವುದು, ಮನೆಯ ಬಾಗಿಲು ಚೌಕಟ್ಟಿಗೆ ಕೂರದೆ ಹೋಗುವುದು. ಇವೆಲ್ಲ ಮಣ್ಣು ಆಗಲೇ ಹೊರಟಿದೆ ಅನ್ನುವುದರ ಗುರುತು. ಇದಕ್ಕೆ ಉಪಗ್ರಹ ಬೇಕಿಲ್ಲ. ಊರಿನಲ್ಲಿ ಒಬ್ಬರು ನೋಡಬೇಕು, ಅವರು ಹೇಳಿದ ಕೂಡಲೇ ಆ ರಾತ್ರಿ ಮಲಗಲು ಒಂದು ಶಾಲೆಯೋ ಸಮುದಾಯ ಭವನವೋ ತೆರೆದಿರಬೇಕು. ಬಿರುಕಿನೊಳಗೆ ಮಳೆನೀರು ಇಳಿಯದ ಹಾಗೆ ಜೇಡಿಮಣ್ಣು ತುಂಬಿ, ಮೇಲೆ ಟಾರ್ಪಾಲು ಹೊದಿಸಿದರೂ ಒಂದೆರಡು ದಿನ ಸಿಗಬಹುದು.

ನವೆಂಬರ್ ಬಂತೆಂದರೆ ಕೊಡಗು, ಚಿಕ್ಕಮಗಳೂರಿನಲ್ಲಿ ಅರೇಬಿಕಾ ಹಣ್ಣಾಗಲು ಶುರು. ಅಷ್ಟೊತ್ತಿಗೆ ನಮ್ಮ ಮುಂಗಾರು ಮುಗಿದಿರುತ್ತದೆ. ಎಲ್ಗಾನ್‌ನಲ್ಲೂ ಅದೇ ಹೊತ್ತಿಗೆ ಕೊಯ್ಲು. ಅಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಹಣ್ಣು ಬಿಡಿಸುವವರು ಬೆಳಿಗ್ಗೆ ಅದೇ ಒದ್ದೆ ಇಳಿಜಾರಿಗೆ ಬುಟ್ಟಿ ಹಿಡಿದು ಹತ್ತುತ್ತಾರೆ.